ಕೌದಿಯೊಳಗಿನ ಭೋಂಗಪ್ಪ

ಮಸ್ಕಿಯ ಹಾಜಿರಾಬೀಯ ಮುತ್ತಜ್ಜ ಆದಮ್‌ಸಾಬ್ ನಿಜಾಮರ ಕಾಲದಲ್ಲಿ ಡಂಗುರ ಸಾರುತ್ತಿದ್ದವನು. ಅವನು ಗುಡ್ಡದ ಬುಡದಲ್ಲಿ ನಿಂತು ಕೂಗಿದರೆ ಹಳ್ಳದ ಆಚೆ ಮೇಯುವ ಎಮ್ಮೆಗಳು ತಲೆಯೆತ್ತಿ, ತಮ್ಮ ಹೆಸರೇನಾದರೂ ಬಂತೇ ಎಂದು ನೋಡುತ್ತಿದ್ದವಂತೆ. ಆ ಗುಡ್ಡದಲ್ಲಿ ಅಶೋಕನ ಕಲ್ಲಿನ ಬರಹ ಇದೆಯಲ್ಲ, ಅದರ ವಿಷಯದಲ್ಲಿ ಆದಮ್‌ಸಾಬನದು ಒಂದೇ ಮಾತು: "ಅರಸ ಕಲ್ಲಿನ ಮ್ಯಾಲ ಬರಸಿದ, ಖರೆ. ಓದಾವ್ರು ಯಾರಿದ್ರು? ಅದನ್ನ ಓಣಿ ಓಣಿ ಕೂಗಿದಾಂವ ನಮ್ಮ ಪೈಕಿಯಾಂವನ ಇರಬೇಕು." ಇದಕ್ಕೆ ಸಾಕ್ಷಿ ಕೇಳಿದವರಿಗೆ ಅವನು ಸುಮ್ಮನೆ ತನ್ನ ಡೋಲು ತೋರಿಸುತ್ತಿದ್ದ.

ಆ ಡೋಲಿಗೆ ಅವನು ಒಂದು ಕಟ್ಟಳೆ ಮಾಡಿದ್ದ. ಯಾರ ಸುದ್ದಿಯೋ ಅವರ ಬಾಗಿಲಲ್ಲಿ ಮೊದಲ ಏಟು ಬೀಳಬೇಕು. ಕಳೆದ ಕುರಿಯ ಸುದ್ದಿಯಾಗಲಿ, ಕಂದಾಯ ಕಟ್ಟದ ಗೌಡನ ಸುದ್ದಿಯಾಗಲಿ, ಅವರ ಕಿವಿಗೆ ಬಿದ್ದ ಮೇಲೆಯೇ ಊರ ಕಿವಿಗೆ. ಏಟು ತಪ್ಪಿಸಿ ಕೂಗಿದವನು ಆ ಬಾಗಿಲಿಗೆ ಹೋಗಿ ತಪ್ಪು ಒಪ್ಪಬೇಕು. ಬಾಗಿಲಿನವರು ಇನ್ನು ಕೂಗಬೇಡ ಎಂದರೆ ಡೋಲು ಅಟ್ಟಕ್ಕೇರಿತು, ಅವನ ಬಾಯಿಯ ಋಣ ಮುಗಿಯಿತು.

ಆದಮ್‌ಸಾಬನ ಮಗ ದಾದೇಸಾಬ್. ಇವನು ಒಮ್ಮೆ ಪಟೇಲನ ಮಾತು ನಂಬಿ ಒಬ್ಬ ಬಡವನನ್ನು ಹೋತದ ಕಳ್ಳನೆಂದು ಊರತುಂಬ ಕೂಗಿಬಿಟ್ಟ. ಸಂಜೆಗೆ ಆ ಹೋತ ಗಡ್ಡ ಅಲ್ಲಾಡಿಸುತ್ತ ತಾನೇ ಮನೆಗೆ ಬಂತು. ದಾದೇಸಾಬ್ ರುಮಾಲು ಬಿಚ್ಚಿ ಬಗಲಲ್ಲಿಟ್ಟುಕೊಂಡು, ಅವೇ ಓಣಿಗಳಲ್ಲಿ ಬೋಳುತಲೆಯಲ್ಲಿ ತಿರುಗಿ, ತಾನು ಕೂಗಿದ್ದು ಸುಳ್ಳು ಎಂದು ಸಾರಿದ. ಪಟೇಲ ಕಣ್ಣು ಕೆಂಪಗೆ ಮಾಡಿದಾಗ, "ಸುಳ್ಳು ಎಷ್ಟು ಗಟ್ಟಿ ಕೂಗೀನೋ ಖರೇನೂ ಅಷ್ಟ ಗಟ್ಟಿ ಕೂಗಬೇಕಲ್ರೀ ಗೌಡ್ರ" ಎಂದ.

ಅವನ ಮಗ ರಹಿಮಾನ್‌ಸಾಬನ ಕಾಲಕ್ಕೆ ಡೋಲು ಹಿಂದೆ ಬಿದ್ದು ಭೋಂಗಾ ಬಂತು. ತಗಡಿನ ಕಹಳೆಯಂಥ ಮೈಕಿಗೆ ನಮ್ಮ ಕಡೆ ಭೋಂಗಾ ಎನ್ನುತ್ತಾರೆ. ಸಿಂಧನೂರಿನ ಟಾಕೀಸಿನ ಜೀಪಿನಲ್ಲಿ ಕುಳಿತು, ಒಂದೇ ಸಿನಿಮಾವನ್ನು ಜೋಳ ಬಿತ್ತಿದಾಗಿನಿಂದ ತೆನೆ ಬಿಡುವ ತನಕ "ಇವತ್ತೇ ಕಡೇ ಆಟ" ಎಂದು ಕೂಗಿದ ಪುಣ್ಯಾತ್ಮ ಅವನು. ಸುಳ್ಳಲ್ಲವೇನೋ ಎಂದರೆ, "ನಾಳೆ ಯಾರು ಕಂಡಾರ" ಎನ್ನುತ್ತಿದ್ದ.

ರಹಿಮಾನ್‌ಸಾಬನಿಗೆ ಗಂಡುಮಕ್ಕಳಿಲ್ಲ. ಹೊಲ ಮನೆ ಇಲ್ಲದವನ ಆಸ್ತಿ ಎಂದರೆ ದನಿ. ಅದು ಯಾರನ್ನೂ ಕೇಳದೆ ಮಗಳು ಹಾಜಿರಾಬೀಯ ಗಂಟಲಲ್ಲಿ ಹೋಗಿ ಕೂತಿತು. ಹೆಣ್ಣುಮಗಳು ಡೋಲು ಹಿಡಿದು ಊರಾಡಿದರೆ ಮಂದಿ ಏನಂದಾರು ಎಂದು ಅವಳ ಹೆಗಲಿಗೆ ಬಳೆಯ ಮಲಾರ ಏರಿಸಿದರು. ಬಳಗಾನೂರು, ತುರ್ವಿಹಾಳ, ಮಸ್ಕಿಯ ಸಂತೆ, ಎಲ್ಲ ಕಡೆಯೂ ಅವಳ ಬಳೆಗಳೇ. ಬಳೆ ಏರಿಸುವಾಗ ಕೈ ಹಿಡಿದಿರುತ್ತಾಳಲ್ಲ, ಗಂಡನಿಗೆ ಹೇಳದ್ದನ್ನೂ ಹೆಂಗಸರು ಅವಳಿಗೆ ಹೇಳುತ್ತಾರೆ. ಅವಳು ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಗೆ ಒಯ್ದವಳಲ್ಲ. ಆದರೆ ಆ ಮನೆಯ ಅತ್ತೆ ಹೇಗೆ ಕೆಮ್ಮುತ್ತಾಳೆ, ಮಾವ ಹೇಗೆ ಗದರುತ್ತಾನೆ ಎಂಬುದನ್ನು ಗಂಟಲಲ್ಲಿ ತುಂಬಿಕೊಂಡು ಬರುತ್ತಿದ್ದಳು. ಕೂದಲು ಬೆಳ್ಳಗಾದರೂ ಆ ಚಟ ಹೋಗಲಿಲ್ಲ.

ಅವಳ ಮಗ ನಾಸೀರ್ ಲಾರಿ ಡ್ರೈವರ್. ಮನೆಯಲ್ಲಿ ಅವನಿಗಿಂತ ಅವನ ಅಂಗಿಗಳೇ ಹೆಚ್ಚು ದಿನ ಇರುತ್ತವೆ. ಹೀಗಾಗಿ ಮನೆ ಎಂದರೆ ಅತ್ತೆ ಹಾಜಿರಾಬೀ, ಸೊಸೆ ನಿಶಾತ್. ಸಿಂಧನೂರಿನಿಂದ ಬಂದ ಈ ಹುಡುಗಿ ಮದುವೆಮನೆಗಳಲ್ಲಿ ಮೆಹಂದಿ ಹಾಕುತ್ತ ಕೈ ಪಳಗಿಸಿಕೊಂಡವಳು. ಫೋನಿನಲ್ಲೇ ಗೊಂಬೆ ಬರೆದು ಅದನ್ನು ಕುಣಿಸುವ ವಿದ್ಯೆಯನ್ನು ಫೋನಿನಿಂದಲೇ ಕಲಿತಿದ್ದಳು.

ಒಂದು ಸಂಜೆ ಇಬ್ಬರೂ ಟಿವಿ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಲಿಂಗಸುಗೂರಿನ ಒಂದು ಕೇಬಲ್ ವಾಹಿನಿಯಲ್ಲಿ ಬಸವಲಿಂಗ ಎಂಬ ಸುದ್ದಿಯವನು ಗಂಟಲು ಹರಿದುಕೊಳ್ಳುತ್ತಿದ್ದ. ಕನ್ನಡಕವನ್ನು ಹಣೆಗೇರಿಸುವುದು, ಮೇಜು ಕುಟ್ಟುವುದು, "ಉತ್ತರ ಬೇಕು" ಎನ್ನುವುದು, ಆಮೇಲೆ ಹಣೆಯ ಮೇಲಿನ ಕನ್ನಡಕವನ್ನೇ ಮೇಜಿನ ಮೇಲೆ ಹುಡುಕುವುದು. ಅಂದಿನ ಸುದ್ದಿ, ಕಾಲುವೆಗೆ ನೀರು ಬಿಟ್ಟಿದ್ದಾರೆ ಎಂಬುದು. ಅಷ್ಟಕ್ಕೇ ಅವನ ಕತ್ತಿನ ನರ ಹುಣಸೆಬರಲಿನಷ್ಟು ಉಬ್ಬಿದ್ದವು.

ಹಾಜಿರಾಬೀ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು, ಅದೇ ದನಿಯಲ್ಲಿ ಶುರುಮಾಡಿದಳು: "ನೀರು ಯಾಕ ಬಂತು? ಯಾರನ್ನ ಕೇಳಿ ಬಂತು? ನಾನು ನೇರವಾಗಿ ನೀರನ್ನ ಕೇಳಾಕತ್ತೀನಿ, ಉತ್ತರ ಬೇಕು. ನೋಡ್ರಿ ವೀಕ್ಷಕರ, ನೀರು ಉತ್ತರ ಕೊಡದ ತೆಳಗ ಹೋಗಾಕತ್ತೈತಿ."

ನಿಶಾತ್ ನಕ್ಕೂ ನಕ್ಕೂ ಸುಲಿದ ಕಾಳೆಲ್ಲ ಚೆಲ್ಲಿದಳು. ಕಾಳು ಆರಿಸಿ ಮುಗಿಯುವಷ್ಟರಲ್ಲಿ ಅವಳ ತಲೆಯಲ್ಲಿ ಒಂದು ಗೊಂಬೆ ಹುಟ್ಟಿತ್ತು. ಮೈಗೆ ಕೋಟು, ಕೊರಳಿಗೆ ಟೈ. ತಲೆಯ ಜಾಗದಲ್ಲಿ ತಲೆ ಇಲ್ಲ, ರಹಿಮಾನ್‌ಸಾಬನ ಜೀಪಿನ ಮೇಲಿದ್ದಂಥ ಭೋಂಗಾ. ಮೇಜಿನ ಕೆಳಗೆ ಲುಂಗಿ. ಸಿಟ್ಟು ಬಂದು ಎದ್ದು ನಿಂತಾಗ ಮಾತ್ರ ಕಾಣುತ್ತದೆ. ಚರ್ಚೆಗೆ ನಾಲ್ಕು ಕಿಟಕಿ: ಒಂದರಲ್ಲಿ ಹೋತ, ಒಂದರಲ್ಲಿ ಹುಂಜ, ಒಂದರಲ್ಲಿ ಕೋಣ, ನಾಲ್ಕನೆಯದರಲ್ಲಿ ನಿದ್ದೆ ಹೋದ ತಜ್ಞರು. ಹೆಸರು ಭೋಂಗಪ್ಪ.

ದನಿ ಹಿಡಿಯುವುದೇ ಕಷ್ಟವಾಯಿತು. ಫ್ಯಾನು ನಿಲ್ಲಿಸಿ ಕಿಟಕಿ ಮುಚ್ಚಿದರೂ ಮನೆ ಗುಂಯ್ ಎನ್ನುತ್ತಿತ್ತು. ಕೊನೆಗೆ ಹಾಜಿರಾಬೀ ಫೋನು ಹಿಡಿದು, ಹಳೆಯ ಸೀರೆಗಳನ್ನು ಪದರ ಪದರ ಕೂಡಿಸಿ ಹೊಲಿದ ತನ್ನ ದಪ್ಪ ಕೌದಿಯೊಳಗೆ ಹೊಕ್ಕಳು. ಉರಿಬಿಸಿಲಿನ ಮಧ್ಯಾಹ್ನ. ನಿಶಾತ್ ಹೊರಗೆ ಕೂತು ಕೌದಿಗೆ ಬೀಸಣಿಗೆ ಬೀಸುವಳು.

"ಅಮ್ಮೀ, ಜೀವ ಐತೇನ್ರೀ?"

"ಐತಿ ಬೇಟಿ. ಅದು ಯಾಕ ಐತಿ ಅಂತ ಉತ್ತರ ಬೇಕು."

ಸೊಸೆ ಒಂದು ದಿನ ಕೇಳಿದಳು: "ಅಮ್ಮೀ, ನಿಮ್ಮ ಮುತ್ತಜ್ಜನ ಕಟ್ಟಳಿ ಐತಲ್ರೀ, ಮೊದಲ ಏಟು. ಆ ಬಸವಲಿಂಗನ ಬಾಗಲಕ್ಕ ಹೋಗಬೇಕೇನು?"

"ಹುಚ್ಚಿ, ಅದು ಡಂಗುರಕ್ಕ. ಇದು ಗೊಂಬಿ. ಗೊಂಬಿ ಮಾತಿಗೆ ಕಟ್ಟಳಿ ಎಲ್ಲೀದು?" ಎಂದಳು ಹಾಜಿರಾಬೀ. ಡಂಗುರದ ಮನೆಯವಳು ಮಾಡಬಾರದ ತಪ್ಪು ಅಲ್ಲಿ ಆಯಿತು.

ಭೋಂಗಪ್ಪ ಮಸ್ಕಿಯ ಫೋನುಗಳಲ್ಲಿ ಮೊದಲು ಅಂಬೆಗಾಲಿಟ್ಟ. ಆಮೇಲೆ ಬಳಗಾನೂರಿನ ಹೊಲದಲ್ಲಿ ಚಿರತೆ ಬಂತು; ಅಂದರೆ ಬಸವಲಿಂಗನ ಟಿವಿಯಲ್ಲಿ ಬಂತು. ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗೆ ಮುಂಜಾನೆಯಿಂದ ಸಂಜೆಯತನಕ ಅವನು ಚಿರತೆ ಎಲ್ಲಿ ಮಲಗಿದೆ, ಯಾಕೆ ಅಲುಗುತ್ತಿಲ್ಲ, ಅದರ ಮುಂದಿನ ಹೆಜ್ಜೆ ಏನು ಎಂದು ಒದರಿದ. ಸಂಜೆ ಆ ಹೊಲದ ಮುದುಕಿ ಆದಮ್ಮ ಬಂದು, ಬೇಲಿಯ ಮೇಲೆ ಒಣಹಾಕಿದ್ದ ತನ್ನ ಹಳದಿ ಚುಕ್ಕೆಯ ಕೌದಿಯನ್ನು ಮಡಚಿ ಬಗಲಲ್ಲಿಟ್ಟುಕೊಂಡು ಮನೆಗೆ ಹೋದಳು. ವಾಹಿನಿಯಲ್ಲಿ ಕೂಡಲೇ ಜಾಹೀರಾತು ಬಂತು.

ಇಂಥ ಹಬ್ಬದೂಟವನ್ನು ಹಾಜಿರಾಬೀ ಬಿಟ್ಟಾಳೆಯೇ? ಕೌದಿಯೊಳಗೆ ಕೂತು ಕೌದಿಯ ಸಂದರ್ಶನ ಮಾಡಿದಳು. "ಕೌದೀ, ನೀನು ಎಷ್ಟು ಮಂದೀನ ತಿಂದಿ? ರಾತ್ರಿ ಮಂದಿ ಮ್ಯಾಲ ಬೀಳ್ತೀ ಅಂತ ನಮ್ಮ ಕಡೆ ಸಾಕ್ಷಿ ಐತಿ. ಮಲಗಿದವರನ್ನ ಕಾಲಿಂದ ತಲಿತನಕ ನುಂಗ್ತೀ ಅಂತಾರ, ಉತ್ತರ ಬೇಕು." ಕಿಟಕಿಯ ಹೋತ ಕೌದಿಯ ತುದಿ ಮೇಯುತ್ತಿತ್ತು. ನಿದ್ದೆಯ ತಜ್ಞರು ಎದ್ದು, ತಮಗೂ ಒಂದು ಕೌದಿ ಕೊಡಿ ಎಂದು ಮತ್ತೆ ಮಲಗಿದರು.

ಅದು ಲಿಂಗಸುಗೂರು, ಸಿಂಧನೂರು ದಾಟಿ ಎಲ್ಲೆಲ್ಲಿಗೋ ಹೋಯಿತು. ಬಸ್ಸು ತಡವಾದರೆ ಮಂದಿ ಕಂಡಕ್ಟರನಿಗೆ ಉತ್ತರ ಬೇಕು ಎನ್ನತೊಡಗಿದರು. ಬಳೆ ಇಡಿಸಿಕೊಳ್ಳುವ ಹೆಂಗಸರು ಹಾಜಿರಾಬೀಗೇ ಅದನ್ನು ತೋರಿಸಿ, "ನೋಡ ಹಾಜಿರಾಬೀ, ಯಾವ ಗಂಡಸೋ ಏನೋ, ಏನ್ ಗಂಟಲ ಐತಿ" ಎನ್ನುವರು. ಇವಳು, "ಯಾವ ಭಾಡ್ಯಾನೋ, ಮಾಡಾಕ ಕೆಲಸಿಲ್ಲ ಅವಗ" ಎಂದು ಬೈದು ಬಳೆ ಏರಿಸುವಳು. ಹಾಲು ಕುಡಿದ ಬೆಕ್ಕು ಮೀಸೆ ಒರೆಸಿಕೊಂಡ ಹಾಗೆ.

ಬಸವಲಿಂಗ ಸುಮ್ಮನೆ ಕೂರುವವನೇ? "ಭೋಂಗಪ್ಪನ ಹಿಂದೆ ಯಾರು" ಎಂದು ಕಾರ್ಯಕ್ರಮ ಹೂಡಿದ. ನಾಲ್ಕು ಕಿಟಕಿಗಳಲ್ಲಿ ನಾಲ್ವರನ್ನು ಕೂರಿಸಿದ. ಅವರಲ್ಲೊಬ್ಬರು ತೂಕಡಿಸಿದ್ದು ನೋಡಿ ನಿಶಾತ್ ಸೆರಗು ಬಾಯಿಗೆ ತುರುಕಿಕೊಂಡಳು. ಆದರೆ ಇನ್ನೊಬ್ಬ ಕಿವಿ ಚುರುಕಿನವನಿದ್ದ. ಭೋಂಗಪ್ಪನ ಮಾತಿನ ಹಿಂದೆ ಸಣ್ಣಗೆ "ಹಲೋ, ಮೈಕ್ ಟೆಸ್ಟಿಂಗ್" ಎಂಬ ದನಿ ಕೇಳುತ್ತಿದೆ ಎಂದ. ಗೊಂಬೆ ಮೊದಲು ಹರಿದಾಡಿದ್ದು ಮಸ್ಕಿಯ ಫೋನುಗಳಲ್ಲಿ ಎಂದು ತಿಳಿದು, ಮರುದಿನವೇ ಬಸವಲಿಂಗನ ಗಾಡಿ ಅಲ್ಲಿಗೆ ಬಂದು ಲಾಲ್‌ಸಾಬನ ಮೈಕ್‌ಸೆಟ್ ಅಂಗಡಿ ಮುಂದೆ ನಿಂತಿತು. "ಇವನೇ ಭೋಂಗಪ್ಪ" ಎಂದು ಲಾಲ್‌ಸಾಬನ ಮೋರೆ ಮನೆಮನೆಗೂ ಹೋಯಿತು.

ಲಾಲ್‌ಸಾಬನ ಅಂಗಡಿಗೂ ಹಾಜಿರಾಬೀಯ ಮನೆಗೂ ನಡುವೆ ಒಂದೇ ಗೋಡೆ. ಅವನು ಮೈಕ್ ಪರೀಕ್ಷಿಸಿದರೆ ಇವಳ ಕೌದಿಯೊಳಗೂ ಕೇಳುತ್ತದೆ. ರಹಿಮಾನ್‌ಸಾಬನ ಕೈಯಲ್ಲಿ ಮೈಕ್ ಕೆಲಸ ಕಲಿತವನು ಅವನು. ಬಸವಲಿಂಗ ಕೇಳಿದ್ದಕ್ಕೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ; ಹಲ್ಲು ಕಿಸಿದು ನಿಂತ. ಮೊದಲೆರಡು ದಿನ ಮೀಸೆಗೆ ಎಣ್ಣೆ ಹಚ್ಚಿ, ಸೆಲ್ಫಿ ಕೇಳಿದವರಿಗೆಲ್ಲ ಭೋಂಗಾ ಹಿಡಿದು ನಿಂತುಕೊಟ್ಟ. ಆಮೇಲೆ ಮದುವೆಮನೆಯವರು ಬಾರದಾದರು. ಬಸವಲಿಂಗನ ಬೀಗರು ಬಿಜ್ಜರು ಮೈಕು ಬೇಡ ಎಂದರು. ಉಳಿದವರು, "ನಾಳೆ ನಮ್ಮ ಲಗ್ನಾನೂ ಗೊಂಬಿ ಮಾಡಿದ್ರ ಏನ್ ಗತಿ" ಎಂದು ಸಿಂಧನೂರಿನಿಂದ ಮೈಕ್ ತರಿಸಿದರು. ಲಗ್ನದ ಹಂಗಾಮಿನಲ್ಲಿ ಅವನ ಭೋಂಗಾಗಳು ಅಂಗಡಿಯಲ್ಲೇ ಬಾಯಿ ತೆರೆದು ಮಲಗಿದವು.

ಹಾಜಿರಾಬೀ ಅಂಗಡಿಗೆ ಹೋದಳು. "ನೀನಲ್ಲ ಅಂತ ಹೇಳಾಕ ಬಾಯಿಗೆ ಏನಾಗಿತ್ತು ನಿನಗ?"

ಲಾಲ್‌ಸಾಬ್ ಒಂದು ಭೋಂಗಾದ ಧೂಳು ಒರೆಸುತ್ತ ತಲೆಯೆತ್ತದೆ ಹೇಳಿದ: "ಹೇಳಿದ್ರ, ಹಂಗಾದ್ರ ಯಾರು ಅಂತ ಕೇಳ್ತಾರ ಆಪಾ. ಆ ದನಿ ಮೊದಲನೇ ದಿನಾನ ಗುರುತು ಹಿಡದೀನಿ ನಾನು. ಉಸ್ತಾದರ ಬಾಜೂಕ ಜೀಪಿನಾಗ ಎಷ್ಟು ವರ್ಷ ಕುಂತಾಂವ ನಾನು."

"ಅದಕ್ಕ ಸುಮ್ಮನ ಕುಂತಿ?"

"ಉಸ್ತಾದರ ಉಪ್ಪು ತಿಂದೀನಿ. ನಾನ ಭೋಂಗಪ್ಪ ಅಂತ ಅನ್ಕೊಳ್ಳಿ ಬಿಡು. ಏನ್, ಸೆಲ್ಫಿನೂ ಛಂದ ಬಂದಾವು."

ನಗಿಸಬೇಕೆಂದೇ ಅಂದ ಮಾತು. ಅವಳು ನಗಲಿಲ್ಲ. ಮನೆಗೆ ಬಂದವಳೇ ಅಟ್ಟ ಹತ್ತಿ, ಜೇಡರ ಬಲೆಯ ನಡುವಿನಿಂದ ಆದಮ್‌ಸಾಬನ ಡೋಲು ಇಳಿಸಿದಳು.

"ಎಲ್ಲಿಗಿ ಅಮ್ಮೀ?" ಎಂದಳು ನಿಶಾತ್.

"ಲಿಂಗಸೂರಿಗಿ. ಮೊದಲ ಏಟು ತಪ್ಪಿಸೀನಿ, ಅದಕ್ಕ ಇನ್ನೊಬ್ಬರ ಬಾಗಲಿಗೆ ಬಿತ್ತು. ಹೋಗಿ ಒಪ್ಪಿ ಬರ್ತೀನಿ."

"ಅವ ಬ್ಯಾಡ ಅಂದ್ರ?"

"ಡೋಲು ಮತ್ತ ಅಟ್ಟಕ್ಕ. ಭೋಂಗಪ್ಪ ಖಬರಸ್ತಾನಕ್ಕ. ನೀನು ಮೆಹಂದಿ ಹಾಕು, ನಾನು ಬಳಿ ಇಡಸ್ತೀನಿ." ಇಷ್ಟು ಹೇಳುವಾಗ ಅವಳ ದನಿ ಮೊದಲ ಸಲ ತೆಳ್ಳಗಾಯಿತು. ಹರೆಯದಲ್ಲಿ ಮುಚ್ಚಿಟ್ಟ ಬಾಯಿ, ಮುಪ್ಪಿನಲ್ಲಿ ಒಂದು ಗೊಂಬೆಯಿಂದ ತೆರೆದಿತ್ತು. ಅದನ್ನು ಮತ್ತೆ ಮುಚ್ಚುವುದು ಬಳೆ ಒಡೆದಷ್ಟು ಸುಲಭವಲ್ಲ.

ಬಸ್ಸಿನಲ್ಲಿ ಡೋಲನ್ನು ತೊಡೆಯ ಮೇಲಿಟ್ಟುಕೊಂಡು ಲಿಂಗಸುಗೂರು ಮುಟ್ಟಿದಳು. ಬಸವಲಿಂಗನ ಮನೆ ಕೇಳಿ ಹುಡುಕಿ, ಬಾಗಿಲೆದುರು ನಿಂತು, ಡೋಲಿಗೆ ಒಂದೇ ಒಂದು ಏಟು ಹಾಕಿದಳು. ಆಜುಬಾಜಿನವರು ಹೊರಗೆ ಬಂದರು.

"ಕೇಳ್ರೆಪ್ಪೋ ಈ ಮನಿಯವ್ರು. ಭೋಂಗಪ್ಪನ ಬಾಯಿ ಲಾಲ್‌ಸಾಬಂದಲ್ಲ. ಮಸ್ಕಿ ರಹಿಮಾನ್‌ಸಾಬನ ಮಗಳು, ಬಳಿ ಮಾರೋ ಹಾಜಿರಾಬೀದು. ತಪ್ಪು ಒಪ್ಪಾಕ ಬಂದೀನಿ."

ಬಾಗಿಲು ತೆರೆದವಳು ಬಸವಲಿಂಗನ ತಾಯಿ ಶೇಖರಮ್ಮ. ಹಣೆತುಂಬ ವಿಭೂತಿ, ಕೈಯಲ್ಲಿ ಫೋನು. ಫೋನಿನಲ್ಲಿ ಕೌದಿಯ ಸಂದರ್ಶನವೇ ನಡೆದಿತ್ತು. ಅವಳು ಫೋನನ್ನೊಮ್ಮೆ, ಹಾಜಿರಾಬೀಯನ್ನೊಮ್ಮೆ ನೋಡಿ, "ಒಳಗ ಬಾರವ್ವ ಮೊದಲ" ಎಂದಳು.

ಒಳಗೆ ಬಸವಲಿಂಗ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಮೆಣಸಿನ ಕಷಾಯ ಕುಡಿಯುತ್ತಿದ್ದ. ಒದರಿ ಒದರಿ ಗಂಟಲು ಕೂತುಬಿಟ್ಟಿತ್ತು. ಮಾತಾಡಬೇಡ ಎಂದು ಡಾಕ್ಟರು ಹೇಳಿದ್ದರು. ಹಲ್ಲಿ ಲೊಚಗುಟ್ಟಿದ ಹಾಗೆ ಪಿಸುಗುಟ್ಟಿದ: "ಸುಳ್ಳು. ಅದು ಹೆಣ್ಣುಮಕ್ಕಳ ದನಿ ಅಲ್ಲ."

ಹಾಜಿರಾಬೀ ಸೆರಗು ಸರಿಮಾಡಿಕೊಂಡು ಮೇಜು ಕುಟ್ಟಿದಳು. "ವೀಕ್ಷಕರೇ, ಮೆಣಸು ಕಷಾಯದಾಗ ಯಾಕ ಬಿತ್ತು? ತಾನ ಹಾರಿತೋ, ಯಾರರ ನೂಕಿದ್ರೋ? ಉತ್ತರ ಬೇಕು."

ಪಕ್ಕದ ಮನೆಯಿಂದ ಒಬ್ಬರು, "ಬಸೂನ ಗಂಟಲ ಬಂತೇನ್ರೀ ಶೇಖರಮ್ಮಾರ" ಎಂದು ಕೂಗಿ ಕೇಳಿದರು. ಶೇಖರಮ್ಮ ಗೋಡೆ ಹಿಡಿದುಕೊಂಡು ನಕ್ಕಳು.

ಬಸವಲಿಂಗನ ಮೋರೆ ಸಣ್ಣದಾಯಿತು. "ನೋಡ್ರಿ, ನಮ್ಮವ್ವ ನನ್ನ ಸುದ್ದಿ ನೋಡೂದಿಲ್ಲ. ನಿಮ್ಮ ಗೊಂಬಿ ನೋಡ್ತಾಳ."

"ಅದು ನಿನಗಿಂತ ಕಡಿಮಿ ಒದರತೈತಲೇ," ಎಂದಳು ಶೇಖರಮ್ಮ.

ಹಾಜಿರಾಬೀ ಕಟ್ಟಳೆ ಹೇಳಿದಳು. ಮೊದಲ ಏಟು, ಅಟ್ಟ, ಎಲ್ಲವನ್ನೂ. "ನಿನ್ನ ಬಾಗಲಕ್ಕ ಬರದ ನಿನ್ನ ಸುದ್ದಿ ಊರಿಗೆಲ್ಲ ಕೂಗೀನಿ, ತಪ್ಪು ನಂದು. ಬಾಯಿ ಮುಚ್ಚು ಅಂದ್ರ ಮುಚ್ತೀನಿ, ಹೇಳು. ಆದ್ರ ನೀನೂ ಲಾಲ್‌ಸಾಬನ ಬಾಗಲಕ್ಕ ಹೋಗಬೇಕು. ಅವನ ಹೆಸರು ಎಷ್ಟು ಗಟ್ಟಿ ಕೆಡಿಸಿಯೋ ಅಷ್ಟ ಗಟ್ಟಿ ತೊಳಿಬೇಕು."

"ಗಂಟಲ ಇಲ್ಲಲ್ರೀ," ಎಂದು ಪಿಸುಗುಟ್ಟಿದ ಬಸವಲಿಂಗ. ಕಷಾಯದ ಲೋಟ ಕೆಳಗಿಟ್ಟು, "ನಾಳೆ ಬರ್ತೀನಿ. ನಿಮ್ಮ ಬಾಯಿ ಮಾತೂ ಅಲ್ಲೇ ಹೇಳ್ತೀನಿ" ಎಂದ. ಬರುವವನಲ್ಲ ಎಂದೇ ಹಾಜಿರಾಬೀಗೆ ಅನ್ನಿಸಿತು. ಆದರೆ ಬಾಗಿಲತನಕ ಬಂದ ಶೇಖರಮ್ಮ, "ಕಳಸ್ತೀನಿ ಹೋಗವ್ವ. ಹೋಗಲಿಲ್ಲಂದ್ರ ಕಷಾಯ ಯಾರು ಕಾಸ್ತಾರ ನೋಡ್ತೀನಿ" ಎಂದಳು.

ಮರುದಿನ ಸಂತೆ. ಮೈಮೇಲೆಲ್ಲ ಬಸವಲಿಂಗನ ಪಟ ಬರೆದ ಗಾಡಿ ಲಾಲ್‌ಸಾಬನ ಅಂಗಡಿ ಮುಂದೆ ನಿಂತಾಗ ಮಂದಿ ಜೋಳದ ಚೀಲ ಬಿಟ್ಟು ಬಂದು ನೆರೆದರು. ಬಸವಲಿಂಗ ಕೋಟು, ಟೈ ಹಾಕಿಕೊಂಡಿದ್ದ. ಕ್ಯಾಮೆರಾ ಮುಂದೆ ನಿಂತು ಏನೋ ಹೇಳಿದ; ಎದುರಿಗಿದ್ದ ಬದನೆಕಾಯಿ ಮಾರುವವಳಿಗೂ ಕೇಳಲಿಲ್ಲ.

"ಗಟ್ಟಿ," ಎಂದಳು ಹಾಜಿರಾಬೀ ಗುಂಪಿನಿಂದ. "ಅವತ್ತಿನಷ್ಟ ಗಟ್ಟಿ."

ಅವನು ಗಂಟಲು ಮುಟ್ಟಿ ತೋರಿಸಿದ. ಲಾಲ್‌ಸಾಬ್ ಅಂಗಡಿಯೊಳಗೆ ಹೋಗಿ, ಇದ್ದುದರಲ್ಲೇ ದೊಡ್ಡದಾದ, ಕೈಯಲ್ಲಿ ಹಿಡಿದು ಮಾತಾಡುವ ಭೋಂಗಾ ತಂದು ಕೊಟ್ಟ. ಬಸವಲಿಂಗ ಅದನ್ನು ಬಾಯಿಗಿಟ್ಟುಕೊಂಡ. "ಲಾಲ್‌ಸಾಬ್ ಭೋಂಗಪ್ಪ ಅಲ್ಲ, ನಾವು ಹೇಳಿದ್ದು ಸುಳ್ಳು" ಎಂಬುದು ಸಂತೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಮಂದಿ ಮಾತು ಕೇಳಿ, ಆಮೇಲೆ ಕಣ್ಣು ಬಿಟ್ಟು ನೋಡಿದರು. ಕೋಟು, ಟೈ, ಮೋರೆಯಿದ್ದ ಜಾಗದಲ್ಲಿ ಭೋಂಗಾ. ಯಾರೂ ಬರೆಯದೆ, ಯಾರೂ ಕುಣಿಸದೆ ಭೋಂಗಪ್ಪ ಮಸ್ಕಿಯ ಸಂತೆಯಲ್ಲಿ ಜೀವಂತ ನಿಂತಿದ್ದ.

ಮೊದಲು ಬದನೆಕಾಯಿಯವಳು ನಕ್ಕಳು. ಆಮೇಲೆ ಸಂತೆಯೇ ನಕ್ಕಿತು. ಲಾಲ್‌ಸಾಬ್ ನಗಬಾರದೆಂದು ಬೆನ್ನು ತಿರುಗಿಸಿದ. ಅವನ ಹೆಗಲು ಕುಣಿಯುತ್ತಿದ್ದವು. ಬಸವಲಿಂಗ ಭೋಂಗಾ ಕೆಳಗಿಳಿಸಿ, ಅಂಗಡಿಯ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, ಮತ್ತೊಮ್ಮೆ ಮೋರೆಯೆದುರು ಎತ್ತಿ ಹಿಡಿದು ನೋಡಿದ. ಕೆಮ್ಮೋ ನಗುವೋ ತಿಳಿಯದ ಒಂದು ಸದ್ದು ಭೋಂಗಾದಿಂದಲೇ ಹೊರಬಂತು. ನಗುವೇ ಇತ್ತು.

ಮಂದಿ ಚದುರಿದ ಮೇಲೆ ಅವನು ಹಾಜಿರಾಬೀಯ ಮನೆಗೆ ಬಂದು ಅವಳ ಹತ್ತಿರ ಕೂತ. ಗೋಡೆಯ ಆಚೆ ಲಾಲ್‌ಸಾಬ್ ಯಾರದೋ ಲಗ್ನಕ್ಕೆ ಮೈಕ್ ಕಟ್ಟುತ್ತ "ಹಲೋ, ಹಲೋ" ಎನ್ನುತ್ತಿದ್ದ.

"ಡೋಲು ಅಟ್ಟಕ್ಕ ಏರಸಬ್ಯಾಡ್ರಿ," ಎಂದು ಪಿಸುಗುಟ್ಟಿದ. "ನನ್ನ ಮಾತು ಕೇಳ್ರಿ. ನಮ್ಮ ಸ್ಟುಡಿಯೋಕ್ಕ ಬರ್ರಿ. ಎಸಿ ರೂಮು, ಛಲೋ ಮೈಕು. ಕೌದಿ ಹೊಚ್ಚಿಕೊಂಡು ಬೆವರೂದು ಯಾಕ? ನಿಮ್ಮ ಸೊಸಿಗೆ ಕಂಪ್ಯೂಟರ್ ಕೊಡಸ್ತೀನಿ. ಏನ್ ಮಾತಾಡಬೇಕು ಅನ್ನೂದು ನಾವ ಬರಕೊಡ್ತೀವಿ. ದಿನಾ ಗಾಡಿ ಕಳಸ್ತೀನಿ."

ನಿಶಾತ್ ಅತ್ತೆಯ ಮೋರೆ ನೋಡಿದಳು. ಹಾಜಿರಾಬೀ ಡೋಲಿನ ಹಗ್ಗ ಬಿಗಿ ಮಾಡಿ ಮೊಳೆಗೆ ತೂಗುಹಾಕಿದಳು, ಕೈಗೆ ಎಟುಕುವ ಎತ್ತರದಲ್ಲಿ.

"ಬ್ಯಾಡ ತಮ್ಮಾ. ನಿನ್ನ ಥಂಡಿ ರೂಮಿನಾಗ ಕುಂತು ನಿನ್ನ ಮ್ಯಾಲ ನಗೂದು ಹೆಂಗ ಆಗತೈತಿ? ಕೌದಿ ಒಳಗ ಶೆಕಿ ಖರೆ, ಆದ್ರ ಅದು ನನ್ನ ಕೌದಿ, ನಾ ಹೊಲದದ್ದು. ಗಾಡೀನೂ ಬ್ಯಾಡ, ಅದರ ತುಂಬ ನಿನ್ನ ಮಾರಿ ಐತಿ. ಬಸ್ಸಿನಾಗ ಹೋದ್ರ ನಾಕು ಮಂದಿ ಮಾತರ ಕಿವಿಗೆ ಬೀಳತಾವು. ಇವತ್ತಿನ ಸಂತ್ಯಾಗಿಂದು ಗೊಂಬಿ ಮಾಡದ ನಾನು ಬಿಡಾಕಿ ಅಲ್ಲ, ಈಗ ಹೇಳೀನಿ. ನಾಳೆ ಡೋಲು ತಗೊಂಡು ನಿನ್ನ ಬಾಗಲಕ್ಕ ಬರ್ತೀನಿ, ಮೊದಲ ಏಟಿಗೆ. ನೀ ಏಳಬ್ಯಾಡ, ಗಂಟಲಕ್ಕ ಆರಾಮ ಕೊಡು. ಬಾಗಲ ತೆಗಿಯಾಕ ನಿಮ್ಮವ್ವಗ ಹೇಳಿರು."